ಮಲಗಿದ ಗಾಯ

ಸಿಪ್ಪೆಯನ್ನು ಕಸದ ಬುಟ್ಟಿಗೆ ಎಸೆಯುವ ಊರಿನವರ ಮುಂದೆ ನಮ್ಮ ಮನೆಯ ರಾಮಾಯಣ ಹೇಳಿ ಪ್ರಯೋಜನವಿಲ್ಲ. ನಮ್ಮ ಊರಿನಲ್ಲಿ ಹಣ್ಣು ಮಕ್ಕಳಿಗೆ, ಸಿಪ್ಪೆ ಮನೆಗೆ. ಗಾಡಿಯವನ ಹತ್ತಿರ ಹೆಂಗಸರು ಚೌಕಾಸಿ ಮಾಡುವುದು ತಿರುಳಿನ ಸಿಹಿಗಲ್ಲ, ಸಿಪ್ಪೆಯ ದಪ್ಪಕ್ಕೆ. ತೆಳು ಸಿಪ್ಪೆಯ ಕಿತ್ತಳೆ ಎಷ್ಟೇ ರಸವಾಗಿದ್ದರೂ ಸಂಜೆಯ ತನಕ ಗಾಡಿಯಲ್ಲೇ ಬಿದ್ದಿರುತ್ತದೆ. ಯಾರಾದರೂ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಬೀದಿಗೆ ಎಸೆದರೆ, ಜನ ಜಾರಿ ಬಿದ್ದಾರು ಎಂದು ಯಾರೂ ಬೈಯುವುದಿಲ್ಲ, ಮದ್ದು ಹಾಳು ಮಾಡಿದೆ ಎಂದು ಬೈಯುತ್ತಾರೆ.

ಯಾಕೆಂದರೆ ನಮ್ಮ ಊರಿನಲ್ಲಿ ಕೆಟ್ಟ ಗಾಯ ಗುಂಯ್‌ಗುಡುತ್ತದೆ. ಹಸಿ ಗಾಯವಲ್ಲ, ಅದು ಎಲ್ಲ ಕಡೆಯಂತೆ ಇಲ್ಲಿಯೂ ಸುಮ್ಮನಿರುತ್ತದೆ. ಕಣ್ಣಿಗೆ ಕಾಣದ ಹುಳಗಳು ಅದರೊಳಗೆ ಸಂಸಾರ ಹೂಡಿದವೋ, ಕೀವು ಕಟ್ಟುವ ಮೊದಲೇ ಸದ್ದು ಶುರು. ಬಸ್ಸಿನಲ್ಲಿ ಕಂಡಕ್ಟರ್ "ಗುಂಯ್ ಅನ್ನಾರು ಹಿಂದ ಹೋಗ್ರಿ" ಎನ್ನುತ್ತಾನೆ. ಹೆಣ್ಣು ನೋಡಲು ಬಂದವರು ಚಹಾ ಕುಡಿಯುವ ನೆಪದಲ್ಲಿ ಮಾತು ನಿಲ್ಲಿಸಿ ಕಿವಿಗೊಟ್ಟು ಕೂರುತ್ತಾರೆ. ಮನೆತನ, ಬೆಡಗು ಕೇಳಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: "ನಿಮ್ಮನಿಯಾಗ ಯಾವ ಸಿಪ್ಪಿ?"

ನನ್ನ ತವರುಮನೆಯಲ್ಲಿ ದಾಳಿಂಬೆ ಸಿಪ್ಪೆ. ಗಂಡನ ಮನೆಯಲ್ಲಿ ಮೋಸಂಬಿ. ಮದುವೆಗೆ ಮುಂಚೆ ಇದನ್ನು ಯಾರೂ ದೊಡ್ಡ ವಿಷಯ ಮಾಡಲಿಲ್ಲ, ಆಮೇಲೆ ನಾನು ಅನುಭವಿಸಿದೆ. ದಾಳಿಂಬೆ ಸಿಪ್ಪೆಯನ್ನು ಒಣಗಿಸಿ, ಕುಟ್ಟಿ, ಕಷಾಯ ಮಾಡಿ ಗಾಯಕ್ಕೆ ಹಾಕಿದರೆ ಚುರ್ ಎಂದು ಉರಿಯುತ್ತದೆ, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತಾಪತ್ರಯ ಎಂದರೆ ಗಾಯ ಮೊದಲು ಜೋರಾಗಿ ಒದರುತ್ತದೆ. ಓಣಿಗೆಲ್ಲ ಕೇಳುವ ಹಾಗೆ ಒದರಿ, ಒದರಿ, ಆಮೇಲೆ ನಿಲ್ಲುತ್ತದೆ. ಮೋಸಂಬಿ ಸಿಪ್ಪೆ ಹಾಗಲ್ಲ. ತಂಪು, ಘಮಘಮ, ಹಚ್ಚಿ ಕೈ ತೊಳೆಯುವುದರೊಳಗೆ ಗಾಯ ಗಪ್‌ಚಿಪ್. ಹೀಗಾಗಿ ಊರಿನ ಮುಕ್ಕಾಲು ಮಂದಿ ಮೋಸಂಬಿಯ ಕಡೆ. ಅದರ ಹೆಸರಿನಲ್ಲೇ ಮೋಸ ಇದೆ ಎಂದು ನಾನು ಎಷ್ಟು ಬಾರಿ ಹೇಳಿದರೂ ನನ್ನ ಅತ್ತೆ ಸಂಗವ್ವನವರು "ನಿನ್ನ ನಾಲಿಗಿಯಾಗ ದಾಳಿಂಬ್ರಿ ಸಿಪ್ಪಿ ತೇದಾರ ನೋಡು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ನಮ್ಮವರ ಹೆಸರು ಅಡಿವೆಪ್ಪ. ಊರಿನವರಿಗೆ ಪೆಟಗಿ ಮಾಸ್ತರು. ಹಾರ್ಮೋನಿಯಂಗೆ ನಮ್ಮಲ್ಲಿ ಪೆಟಗಿ ಎನ್ನುತ್ತಾರೆ. ಇವರು ಬಾರಿಸುವುದಕ್ಕಿಂತ ರಿಪೇರಿಗೆ ಹೆಸರಾದವರು. ಪೆಟಗಿಯೊಳಗಿನ ಹಿತ್ತಾಳೆಯ ನಾಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ತುದಿ ಕೆರೆದು ಸ್ವರ ಏರಿಸಿ, ಬುಡ ಕೆರೆದು ಸ್ವರ ಇಳಿಸಿ, ಕಣ್ಣು ಮುಚ್ಚಿ ಕೇಳುತ್ತಾ ಕೂತರೆ ಮನೆಯಲ್ಲಿ ಸೌಟು ತಾಗಿದ ಸದ್ದೂ ಆಗಬಾರದು. ಒಗ್ಗರಣೆ ಸಿಡಿದರೂ "ಏ, ಒಂದೀಟು ತಡೀ" ಎಂಬ ಕೂಗು. ಸಾಸಿವೆಗೆ ನಾನು ಹೇಗೆ ತಡೆ ಹೇಳಲಿ? ಅದನ್ನು ಅವರಿಗೆ ಯಾರು ಕೇಳಬೇಕು?

ಹಾಗೆ ಕೆರೆದ ಹಿತ್ತಾಳೆಯ ಒಂದು ಚೂರು ಅವರ ಬಲಗಾಲಿನ ಕಿರುಬೆರಳ ಸಂದಿಗೆ ಹೊಕ್ಕಿತು. ಅವರಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಕಾಯಿಲೆ ಹಿಡಿದು ವರ್ಷಗಳಾಗಿದ್ದವು, ಪಾದಕ್ಕೆ ಬಿಸಿ ತಣ್ಣಗೆ ಒಂದೂ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಪೆಟಗಿ ಮುಂದೆ ಕೂತವರು ತಲೆ ಕೊಡವಿದರು, ಮತ್ತೆ ನಾಲಿಗೆ ಕೆರೆದರು, ಮತ್ತೆ ತಲೆ ಕೊಡವಿದರು. ಸ್ವರ ಕೂಡುತ್ತಿಲ್ಲ ಎಂದು ಪೆಟಗಿಯನ್ನು ಬೈದರು. ಆಮೇಲೆ ನನ್ನನ್ನು ಬೈದರು. ಕೊನೆಗೆ ನಾನೇ ಬಗ್ಗಿ ನೋಡಿ ಹೇಳಿದೆ.

"ಪೆಟಗಿ ಅಲ್ರಿ, ನಿಮ್ಮ ಕಾಲು ಗುಂಯ್ ಅನ್ನಾಕ ಹತ್ತೇತಿ."

ಅವರು ಕಾಲನ್ನು ಕಿವಿಯ ಹತ್ತಿರ ತಂದುಕೊಳ್ಳಲು ಒಂದಿಷ್ಟು ಹೆಣಗಾಡಿ, ಆಗದೆ, ನಂಬಿದರು. ಗಾಯ ಆಯಿತಲ್ಲ ಎಂಬ ಚಿಂತೆ ಅವರಿಗೆ ಹುಟ್ಟಲಿಲ್ಲ. ಕೆಲಸಕ್ಕೆ ಅಡ್ಡಿಯಾಯಿತಲ್ಲ ಎಂಬುದೇ ಚಿಂತೆ. "ಯವ್ವಾ, ಒಂದೀಟು ಮೋಸಂಬಿ ಕಾಸು" ಎಂದು ತಾಯಿಗೆ ಕೂಗು ಹಾಕಿದರು. ಅತ್ತೆ ತಯಾರಾಗಿಯೇ ಇದ್ದರು. ಹಚ್ಚಿದರು. ಕಾಲು ಸುಮ್ಮನಾಯಿತು.

"ಗಾಯ ಮಲಗಿತು" ಎಂದರು ಅತ್ತೆ, ಕೈ ಒರೆಸಿಕೊಳ್ಳುತ್ತಾ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ತಲೆನೋವಿಗೆಲ್ಲ ಇದೇ ಮೂಲ. ಗಾಯ ವಾಸಿಯಾದರೂ ನಮ್ಮಲ್ಲಿ ಮಲಗಿತು, ಸದ್ದು ನಿಂತರೂ ಮಲಗಿತು. ಒಳಗಿನ ಹುಳ ಸತ್ತಿತು ಎನ್ನುವ ಹಾಗಿಲ್ಲ. ರೋಗಿ ಇರುವ ಮನೆಯಲ್ಲಿ, ರೋಗಿಯ ಮೈಯಿಂದ ಬಂದ ಹತ್ತಿಯ ತುಣುಕಿನ ಮುಂದೆ ಸಹ, ಆ ಶಬ್ದ ಬಾಯಿಗೆ ಬರಬಾರದು. ಆ ಮಾತಿಗೆ ಯಾರ ಮೇಲೆ ಬೀಳಬೇಕು ಎಂದು ಗೊತ್ತಾಗುವುದಿಲ್ಲವಂತೆ, ಹತ್ತಿರ ಇದ್ದವರ ಮೇಲೆ ಬೀಳುತ್ತದಂತೆ. ಹಾಗಾಗಿ ಸೊಳ್ಳೆ ಹೊಡೆದರೂ ನಾವು ಮಲಗಿಸಿದೆವು ಎನ್ನುವವರು.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಮೋಸಂಬಿ, ಸಂಜೆ ಮೋಸಂಬಿ. ಒಂದು ಹೊತ್ತು ತಪ್ಪಿದರೆ ಕಾಲು ಗುಂಯ್ ಎನ್ನುತ್ತಿತ್ತು. ತಪ್ಪಿಸದಿದ್ದರೆ ಸುಮ್ಮನೆ. ವಾಸಿಯಾಗಿದ್ದರೆ ಯಾಕೆ ದಿನವೂ ಹಚ್ಚಬೇಕು ಎಂದು ನಾನು ಕೇಳಿದರೆ, ದಿನವೂ ಹಚ್ಚುತ್ತಿರುವುದಕ್ಕೇ ವಾಸಿಯಾಗಿದೆ ಎಂದು ತಾಯಿ ಮಗ ಒಂದೇ ರಾಗದಲ್ಲಿ ಹೇಳಿದರು. ಕೋಣನ ಮುಂದೆ ಕಿನ್ನರಿ ಎನ್ನುವುದನ್ನು ಕೇಳಿದ್ದೆ. ನಮ್ಮ ಮನೆಯಲ್ಲಿ ಕಿನ್ನರಿ ಬಾರಿಸುವವರೇ ಹಾಗಿದ್ದರು.

ಕಡೆಗೆ ಗಾಯ ಒರೆಸಿದ ಹತ್ತಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು ನಾನೇ ದವಾಖಾನೆಗೆ ಹೋದೆ. ಅಲ್ಲಿ ಸಿಪ್ಪೆ ಪರೀಕ್ಷೆಯ ಕಿಟಕಿ ಇದೆ. ಕಿಟಕಿಯ ಆಚೆ ಶಕೀಲಾ ಎಂಬ ಹುಡುಗಿ. ಹುಡುಗಿ ಎಂದರೆ ನನಗೆ ಹುಡುಗಿ, ಅವಳಿಗೂ ಮದುವೆಯಾಗಿ ಮಕ್ಕಳಿದ್ದಾರೆ. ಅವಳು ಒಣ ಸಿಪ್ಪೆಯ ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಸಾರ ತೆಗೆದು ಶೀಶೆಗಳಲ್ಲಿ ಇಟ್ಟಿರುತ್ತಾಳೆ. ಗಾಜಿನ ಚಪ್ಪಟೆ ತಟ್ಟೆಯಲ್ಲಿ ಜೆಲ್ಲಿಯಂಥದ್ದನ್ನು ಹೊಯ್ದು, ಅದರ ಮೇಲೆ ಹತ್ತಿಯನ್ನು ಸವರುತ್ತಾಳೆ. ಸಾರದಲ್ಲಿ ಅದ್ದಿದ ಕಾಗದದ ಸಣ್ಣ ಬೊಟ್ಟನ್ನು ನಡುವೆ ಇಡುತ್ತಾಳೆ. ಮರುದಿನ ತಟ್ಟೆಯೆಲ್ಲ ಹುಳ ಬೆಳೆದು ಮಬ್ಬಾಗಿರುತ್ತದೆ. ಸಾರಕ್ಕೆ ಗುಣವಿದ್ದರೆ ಬೊಟ್ಟಿನ ಸುತ್ತ ಮಾತ್ರ ತಿಳಿಯಾದ ಬಳೆ. ಅಷ್ಟು ಚಂದದ ಬಳೆಯನ್ನು ನಮ್ಮ ಊರಿನಲ್ಲಿ ಯಾರೂ ನೋಡುವುದಿಲ್ಲ. ಕಿಟಕಿಗೆ ಕಿವಿ ಇಡುತ್ತಾರೆ, ಬೊಟ್ಟಿನ ಹತ್ತಿರ ಸದ್ದಿಲ್ಲದಿದ್ದರೆ ಮನೆಗೆ ಹೋಗುತ್ತಾರೆ.

ಮರುದಿನ ಹೋದಾಗ ಶಕೀಲಾ ಎರಡು ತಟ್ಟೆ ತಂದಿಟ್ಟಳು.

"ಮೋಸಂಬಿದು?" ಎಂದೆ.

"ಮಲಗೇತ್ರಿ."

"ದಾಳಿಂಬ್ರಿದು?"

"ಅದೂ ಮಲಗೇತ್ರಿ."

ನಾನು ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಸುದ್ದಿ ಮೊದಲೇ ಬಂದಿತ್ತು. ನಮ್ಮವರು ಗೋಡೆಗೆ ಒರಗಿ ಕೂತು, "ಏನಂದ್ಲು ಆ ಕಿಟಕ್ಯಾಕಿ? ಎರಡೂ ಒಂದ ಅಂದ್ಲಂತ? ಮತ್ತ ಉರಿ ಹಚ್ಚಿಕೊಳ್ಳೂದ ಯಾಕ, ತಂಪಿಂದು ಇರೂವಾಗ?" ಎಂದು ನಕ್ಕರು. ಅತ್ತೆ ಅದಕ್ಕೆ ಉಪ್ಪು ಖಾರ ಹಚ್ಚಿದರು.

"ನಿಮ್ಮ ಮಾವಾರ ಕಾಲಿಗೂ ಇದ ಹಚ್ಚಿದ್ದೆ. ಅವರ ಗಾಯ ಕಡೀತನಕ ಒಂದ ಸದ್ದ ಮಾಡ್ಲಿಲ್ಲ. ಅಂಥಾ ಗುಣ ನಮ್ಮನಿ ಸಿಪ್ಪಿದು."

ಮಾವನವರನ್ನು ನಾನು ನೋಡಿಲ್ಲ. ನಾನು ಈ ಮನೆಗೆ ಬರುವ ಮೊದಲೇ ಅವರು ಹೋಗಿದ್ದರು. ಈ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೆ, ಒಳ್ಳೆಯ ಕಷಾಯದ ಹೊಗಳಿಕೆ ಎಂದೇ ಕೇಳಿಸಿಕೊಂಡಿದ್ದೆ. ಅಂದೂ ಹಾಗೆಯೇ ಕೇಳಿಸಿಕೊಂಡು ಸಿಟ್ಟಿನಿಂದ ಅಡುಗೆಮನೆಗೆ ಹೋದೆ.

ಆಮೇಲೆ ವಾಸನೆ ಶುರುವಾಯಿತು. ಮೊದಲು ಮೋಸಂಬಿಯ ಘಮದ ಅಡಿಯಲ್ಲಿ ಏನೋ ಸಣ್ಣಗೆ. ಊದುಬತ್ತಿ ಹಚ್ಚಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಇಲಿ ಎಲ್ಲಿಯಾದರೂ ಬಿದ್ದಿದೆಯೇ ಎಂದು ಅಟ್ಟವನ್ನೆಲ್ಲ ಹುಡುಕಿದೆ. ಒಂದು ದಿನ ಅವರು ಮಧ್ಯಾಹ್ನ ನಿದ್ದೆ ಹೋದಾಗ ಕಾಲಿನ ಬಟ್ಟೆ ಬಿಚ್ಚಿ ನೋಡಿದೆ. ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಾಗಿದ್ದವು. ಪಾದ ಬಾತು ಹೊಳೆಯುತ್ತಿತ್ತು. ಸದ್ದು ಮಾತ್ರ ಇಲ್ಲ. ಕಿವಿಯನ್ನೇ ನಂಬಿದ ಊರಿನಲ್ಲಿ ಮೂಗನ್ನು ಯಾರು ಕೇಳುತ್ತಾರೆ? ಎಬ್ಬಿಸಿ ತೋರಿಸಿದರೆ, "ನೋವಿಲ್ಲ, ಸದ್ದಿಲ್ಲ, ನಿನಗೇನ್ ಬ್ಯಾನಿ?" ಎಂದರು. ನೋವನ್ನು ಸಕ್ಕರೆ ತಿಂದಿತ್ತು, ಸದ್ದನ್ನು ಮೋಸಂಬಿ ತಿಂದಿತ್ತು. ಈ ಮನುಷ್ಯನಿಗೆ ಯಾವ ಭಾಷೆಯಲ್ಲಿ ಹೇಳಬೇಕು ಎಂದು ನಾನು ಹಣೆ ಹಣೆ ಬಡಿದುಕೊಂಡೆ.

ಮತ್ತೆ ಹತ್ತಿ, ಮತ್ತೆ ಡಬ್ಬಿ, ಮತ್ತೆ ಕಿಟಕಿ. ಮರುದಿನ ತಟ್ಟೆ ತಂದಿಟ್ಟು ಶಕೀಲಾ "ಮಲಗೇತ್ರಿ" ಎಂದು ಬಾಯಿ ತೆರೆದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

"ಮಲಗೇತಿ, ಮಲಗೇತಿ! ನಾನೂ ಹಡದಾಕಿ ಅದೀನವಾ. ಮಲಗಿದ ಕೂಸು ಏಳಬೇಕಲ್ಲ? ಈ ಹುಳ ಏಳ್ತಾವೋ ಇಲ್ಲೋ, ಅಷ್ಟ ಹೇಳು."

ಅವಳು ನನ್ನನ್ನೇ ನೋಡಿದಳು. ಸುತ್ತ ಇದ್ದವರನ್ನು ನೋಡಿದಳು. ಆಮೇಲೆ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ಹೇಳಿದಳು.

"ಅಕ್ಕಾರ, ನಾ ಇಲ್ಲಿ ಕುಂತಾಗಿಂದ ಕಾಯಾಕ ಹತ್ತೀನ್ರಿ, ಯಾರರ ಇದನ್ನ ಕೇಳ್ಲಿ ಅಂತ. ಕೇಳದ ನಾ ಹೆಂಗ ಹೇಳ್ಲಿ? ಹೇಳಾಕ ಇರೂ ಶಬ್ದ ಬಾಯಾಗ ತರಂಗಿಲ್ಲ."

ಅವಳು ಮಾಡಿದ್ದು ಇಷ್ಟೇ. ಮೋಸಂಬಿ ಬೊಟ್ಟಿನ ಸುತ್ತಲಿನ ತಿಳಿಯಾದ ಬಳೆಯಿಂದ ತಂತಿಯ ತುದಿಯಲ್ಲಿ ಚೂರು ಎತ್ತಿ, ಯಾವ ಸಿಪ್ಪೆಯ ಸಾರವೂ ಇಲ್ಲದ ಹೊಸ ತಟ್ಟೆಗೆ ಎಳೆದಳು. ದಾಳಿಂಬೆಯ ಬಳೆಯಿಂದ ಇನ್ನೊಂದು ತಟ್ಟೆಗೆ. "ನಾಳೆ ಬರ್ರಿ" ಎಂದಳು. ಮರುದಿನ ಹೋದಾಗ ಅವಳು ಎರಡು ತಟ್ಟೆಯನ್ನೂ ಒಂದಾದ ಮೇಲೊಂದು ನನ್ನ ಕಿವಿಗೆ ಹಿಡಿದಳು. ಮೋಸಂಬಿಯ ಕಡೆಯದು ಗುಂಯ್ ಎನ್ನುತ್ತಿತ್ತು, ಒಳ್ಳೆಯ ನಿದ್ದೆ ಮಾಡಿ ಎದ್ದ ಹಾಗೆ. ದಾಳಿಂಬೆಯ ಕಡೆಯದು ಏನೂ ಅನ್ನಲಿಲ್ಲ. ಮಬ್ಬು ಕೂಡ ಇರಲಿಲ್ಲ. ನಾನು ನಿಂತಲ್ಲೇ ಮಾವನವರ ಗಾಯವನ್ನು ನೆನೆದೆ, ಕಡೆಯತನಕ ಒಂದು ಸದ್ದೂ ಮಾಡದ ಆ ಗಾಯವನ್ನು.

"ಬರೇ ಸಿಪ್ಪಿ ಮ್ಯಾಲ ಬಿಡಬ್ಯಾಡ್ರಿ. ಇವತ್ತ ಡಾಕ್ಟರಿಗೆ ತೋರಿಸ್ರಿ" ಎಂದಳು ಶಕೀಲಾ. "ದಾಳಿಂಬ್ರಿ ಹಚ್ಚಿದ್ರ ಒದರ್ತಾವ. ಒದರ್ಲಿ. ಒದರೂದ ಛಲೋ."

ನಮ್ಮವರನ್ನು ಆಟೋದಲ್ಲಿ ಹೇರಿಕೊಂಡು ಹೋದೆ. ಹೇರಿಕೊಂಡು ಎನ್ನುವುದೇ ಸರಿ, ಯಾಕೆಂದರೆ ಅವರಾಗಿ ಒಂದು ಹೆಜ್ಜೆ ಇಡಲಿಲ್ಲ. ಡಾಕ್ಟರು ಎರಡು ಬೆರಳನ್ನು ತೆಗೆದರು, ಕೊಳೆತದ್ದನ್ನೆಲ್ಲ ಕೆರೆದು ಚೊಕ್ಕ ಮಾಡಿದರು, ಸೂಜಿ, ಗುಳಿಗೆ, ದಾಳಿಂಬೆ ಸಾರದ ಪಟ್ಟಿ ಬರೆದುಕೊಟ್ಟರು. ಬಾಗಿಲ ತನಕ ಬಂದು ನನಗೊಬ್ಬಳಿಗೇ ಹೇಳಿದರು: "ಇನ್ನೊಮ್ಮೆ ಇದನ್ನು ಮಲಗಿಸಿದಿರೋ, ಮುಂದೆ ನನ್ನ ಕೈಯಲ್ಲಿ ಮೊಣಕಾಲೂ ಉಳಿಯುವುದಿಲ್ಲ, ಅವರೂ ಉಳಿಯುತ್ತಾರೆಂದು ಹೇಳಲಾರೆ."

ಪಟ್ಟಿ ಕಟ್ಟಿದ ಸಂಜೆಯಿಂದ ಕಾಲು ಒದರಲು ಹತ್ತಿತು. ಅಂಥ ಸದ್ದನ್ನು ನಾನು ತವರುಮನೆಯಲ್ಲೂ ಕೇಳಿರಲಿಲ್ಲ. ಎಷ್ಟು ಕಾಲದಿಂದ ಮಲಗಿದ್ದವೋ, ಎಲ್ಲ ಎದ್ದು ಒಟ್ಟಿಗೆ ಹೊಯ್ಕೊಂಡವು. ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಿತು. ಆಚೆ ಮನೆಯವರು ಬಂದು ಒಳ್ಳೆಯ ಮಾತಿನಲ್ಲೇ ಮೋಸಂಬಿ ಸಿಪ್ಪೆ ಕೊಟ್ಟು ಹೋದರು. ಈಚೆ ಮನೆಯವರು ಕೆಟ್ಟ ಮಾತಿನಲ್ಲಿ ಕೊಟ್ಟು ಹೋದರು. ಗೋಡೆಯ ಮೇಲಿಂದ ಯಾರೋ ಎಸೆದೂ ಹೋದರು. ಅಂಗಳದಲ್ಲಿ ಸಿಪ್ಪೆಯ ರಾಶಿ ಬಿತ್ತು. ಹಣ್ಣು ಒಂದನ್ನಾದರೂ ಯಾರಾದರೂ ಕೊಟ್ಟರೇ? ಇಲ್ಲ.

ಇದರ ನಡುವೆ ನಾಟಕ ಕಂಪನಿ ಊರಿಗೆ ಬಂತು. ಕಂಪನಿಯ ಮ್ಯಾನೇಜರ್ ಕೊಟ್ರಬಸಪ್ಪನವರು ಕಾಲಿನಿಂದ ಗಾಳಿ ಒತ್ತುವ ದೊಡ್ಡ ಪೆಟಗಿಯನ್ನು ಗಾಡಿಯಲ್ಲಿ ಹಾಕಿಸಿಕೊಂಡು ನಮ್ಮ ಮನೆಗೇ ತಂದರು. ದಾರಿಯ ಧೂಳು, ಮಳೆ ಎಲ್ಲ ಕುಡಿದು ಅದರ ಅರ್ಧ ಸ್ವರ ಕೆಟ್ಟಿತ್ತು. ಮೊದಲ ಆಟ ಮರುದಿನ. ಸುತ್ತಮುತ್ತ ಅದನ್ನು ಸರಿ ಮಾಡಬಲ್ಲವರು ಇವರೊಬ್ಬರೇ, ಇವರಿಗೂ ಅದು ಗೊತ್ತು, ಬಾಯಿ ಬಿಟ್ಟು ಹೇಳಿಕೊಂಡು ತಿರುಗಿದವರೂ ಇವರೇ. ಇವರ ತಂದೆಯೂ ಇದೇ ಕಂಪನಿಯ ಪೆಟಗಿಗೆ ಸ್ವರ ಕೂಡಿಸಿದವರಂತೆ.

ಮಂಚದ ಮೇಲೆ ಕೂತು ಒಂದು ನಾಲಿಗೆ ಬಿಚ್ಚಿದರು. ಊದಿದರು. ಆ ಸ್ವರಕ್ಕೂ ಕಾಲಿನ ಸದ್ದಿಗೂ ತಿಕ್ಕಾಟವಾಗಿ ಗಾಳಿಯೆಲ್ಲ ಊಂವ್ ಊಂವ್ ಎಂದು ನಡುಗಿತು. ಕೆರೆದರು, ಊದಿದರು, ಮತ್ತೆ ಅದೇ. ಅವರ ಹಣೆಯಲ್ಲಿ ಬೆವರು ಬಂತು. ಕೊಟ್ರಬಸಪ್ಪನವರು ಕಿವಿ ಮುಚ್ಚಿಕೊಂಡು, "ಮಾಸ್ತರ, ಒಂದೀಟು ಮೋಸಂಬಿ ಹಚ್ಚಿ ಮುಗಿಸಿ ಬಿಡ್ರಲಾ. ಆಟ ಮುಗದ ಮ್ಯಾಲ ಬೇಕಾದ್ದ ಹಚ್ಕೋರಿ" ಎಂದರು.

ನಮ್ಮವರು ನನ್ನ ಕಡೆ ನೋಡಿದರು. ಹಾಗೆ ಬೇಡುವ ಮುಖವನ್ನು ನಾನು ನೋಡಿರಲಿಲ್ಲ.

"ಒಂದ ಸಂಜಿ ಲೇ. ಒಂದ ಸಂಜಿ ಮಲಗಲಿ. ನಾಳೆ ನೀ ಹೇಳಿದಂಗ ಕೇಳ್ತೀನಿ. ಈ ಪೆಟಗಿ ಹಂಗ ಹೊಳ್ಳಿ ಹೋದ್ರ ನಾ ಯಾತಕ್ಕ ಇರಬೇಕು?"

"ಡಾಕ್ಟರು ನನಗ ಏನಂದಾರ, ಗೊತ್ತೈತೇನ್ರಿ?"

"ಡಾಕ್ಟರಿಗೆ ಸ್ವರ ಗೊತ್ತೈತೇನು?"

ಅಷ್ಟರಲ್ಲಿ ಒಳಗಿನಿಂದ ಘಮ ಬಂತು. ಅತ್ತೆ ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಾಸಿಯೇ ಬಿಟ್ಟಿದ್ದರು. "ಮಗ ಅಷ್ಟ ಕೇಳ್ತಾನ, ಒಂದೀಟ ಮಲಗಿದ್ರ ಏನಾಗ್ತೈತಿ" ಎಂದರು.

ನನಗೆ ಏನಾಯಿತೋ ಗೊತ್ತಿಲ್ಲ. ವರ್ಷಗಟ್ಟಲೆ ನುಂಗಿದ್ದೆಲ್ಲ ಒಂದೇ ಸಲ ಬಾಯಿಗೆ ಬಂತು.

"ಅದು ಮಲಗಿದ್ರ ನೀವ್ ಸಾಯ್ತೀರಿ!" ಎಂದೆ, ಕಾಲಿನ ಸದ್ದಿಗಿಂತ ಜೋರಾಗಿ. "ಕೇಳಿಸ್ತೇನು? ಸಾಯ್ತೀರಿ. ಮಾವಾರ ಸತ್ತಂಗ ಸಾಯ್ತೀರಿ. ಅವರ ಗಾಯ ಕಡೀತನಕ ಮಲಗಿತ್ತಂತ, ಅವರು ಅದಕ್ಕ ಸತ್ರು!"

ಮನೆಯಲ್ಲಿ ಆ ಮಾತು ಬಿದ್ದಿತು. ಅದೂ ಗಂಡನ ಮುಖಕ್ಕೆ, ಹೆಂಡತಿಯ ಬಾಯಿಂದ, ಹೊರಗಿನವರ ಮುಂದೆ. ಕೊಟ್ರಬಸಪ್ಪನವರು ಎದ್ದು ನಿಂತು, ಎಲ್ಲಿ ನೋಡಬೇಕೆಂದು ತಿಳಿಯದೆ ಪೆಟಗಿಯನ್ನು ನೋಡಿದರು. ಈಗ ಅತ್ತೆ ಪಾತ್ರೆಯನ್ನು ನನ್ನ ಮೇಲೆ ಎಸೆಯುತ್ತಾರೆ ಎಂದುಕೊಂಡೆ, ಎಸೆದರೆ ಎಸೆಯಲಿ ಎಂದುಕೊಂಡೆ.

ಅತ್ತೆ ನನ್ನನ್ನು ನೋಡುತ್ತಲೇ ಇರಲಿಲ್ಲ. ಪಾತ್ರೆಯೊಳಗೆ ನೋಡುತ್ತಿದ್ದರು.

"ದಾನವ್ವಾ" ಎಂದರು ಮೆಲ್ಲಗೆ. ಅವರು ನನ್ನ ಹೆಸರು ಹಿಡಿದು ಕರೆಯುವುದು ಅಪರೂಪ. "ಅವರ ಕಾಲೂ ಹಿಂಗ ನಾರ್ತಿತ್ತವಾ. ನಾನ ದಿನಾ ಎರಡ ಹೊತ್ತ ಹಚ್ತಿದ್ನೆಲ್ಲ. ಕೈಯಾರೆ ಹಚ್ತಿದ್ನೆಲ್ಲ."

ಅವರು ಪಾತ್ರೆಯನ್ನು ಬಚ್ಚಲಿಗೆ ಒಯ್ದು ಸುರಿದರು, ತಳದ ಚರಟವನ್ನೂ ಬೆರಳಿನಿಂದ ಸವರಿ ಸುರಿದರು. ಆಮೇಲೆ ಅಲ್ಲೇ ಒರಳಿನ ಹತ್ತಿರ ಕೂತು, ನನ್ನ ಡಬ್ಬಿಯಿಂದ ದಾಳಿಂಬೆ ಸಿಪ್ಪೆ ತೆಗೆದು ಕುಟ್ಟತೊಡಗಿದರು. ಅವರೊಂದಿಗೆ ಜಗಳವಾಡುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಆ ಹೊತ್ತಿನಲ್ಲಿ ಅವರು ಒಂದು ಮಾತಾದರೂ ಬೈಯಲಿ ಎಂದು ನಾನು ಬೇಡಿಕೊಂಡೆ.

ನಮ್ಮವರು ತಾಯಿಯ ಬೆನ್ನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕಾಲನ್ನು ಎತ್ತಿ ದಿಂಬಿನ ಮೇಲೆ ಇಟ್ಟುಕೊಂಡರು. ಮೊದಲ ನಾಲಿಗೆಯನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಕಾಲಿನ ಸದ್ದಿಗೆ ಕಿವಿಗೊಟ್ಟರು. ಕೆರೆದರು, ಊದಿದರು. ನಡುಕ ಸ್ವಲ್ಪ ಕಡಿಮೆಯಾಯಿತು. ಇನ್ನೊಂದಿಷ್ಟು ಕೆರೆದರು. ನಾಲಿಗೆಯ ಸ್ವರ ಹೋಗಿ ಕಾಲಿನ ಸದ್ದಿನೊಳಗೆ ಸೇರಿ ಎರಡೂ ಒಂದಾದವು.

"ಇದನ್ನ ಷಡ್ಜ ಹಿಡಿಯೂಣು" ಎಂದರು.

"ಇದು ಯಾವ ಸ್ವರದ ಪಟ್ಟಿ, ಮಾಸ್ತರ?" ಎಂದು ಕೊಟ್ರಬಸಪ್ಪನವರು ಕೇಳಿದರು.

"ಪೆಟಗಿ ಕಪ್ಪು ಮನಿ ಎರಡಕ್ಕಿಂತ ಒಂದೀಟ ಮ್ಯಾಲ. ನಿಮ್ಮ ಪಾತ್ರಧಾರಿಗಳಿಗೆ ಒಂದೀಟ ಗಂಟಲ ಬಿಗಿ ಹಿಡಿ ಅನ್ರಿ."

"ಯಾರರ ಗಾಯದ ಸ್ವರಕ್ಕ ಪೆಟಗಿ ಕೂಡಸ್ತಾರೇನ್ರಿ?"

"ಬ್ಯಾಡಂದ್ರ ಹೊತ್ಕೊಂಡ ಹೋಗ್ರಿ."

ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾರೆ? ಕೂತರು. ಮರುದಿನದ ಆಟಕ್ಕೆ ನಾನು ಹೋಗಿದ್ದೆ. ಪರದೆ ಏಳುವ ಮುಂಚೆ ಪೆಟಗಿಯವನು ಮೊದಲ ಸ್ವರ ಹಿಡಿದ ಕೂಡಲೇ ಜನರೆಲ್ಲ ತಮ್ಮ ಮಾತು ನಿಲ್ಲಿಸಿ, ಬಗ್ಗಿ, ಪಕ್ಕದವರ ಕಾಲು ನೋಡಲು ಹತ್ತಿದರು. ಮುಂದಿನ ಸಾಲಿನ ಸಾವುಕಾರರೊಬ್ಬರು ಎದ್ದೇ ಹೋದರು. ನಾಯಕಿಯ ಪಾತ್ರದವಳು ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ನಮ್ಮವರನ್ನು ಶಪಿಸಿರಬೇಕು. ಆಟವೇನೋ ನಡೆಯಿತು.

ಕಾಲು ಇನ್ನೂ ಹಲವು ದಿನ ಒದರಿತು, ಆಮೇಲೆ ದನಿ ಕುಂದಿತು, ಆಮೇಲೆ ನಿಂತಿತು. ನಿಂತದ್ದಕ್ಕೆ ಈ ಸಲ ನಮ್ಮ ಮನೆಯಲ್ಲಿ ಯಾರೂ ಖುಷಿಪಡಲಿಲ್ಲ. ಅತ್ತೆಯೇ ಹತ್ತಿಯ ತುಣುಕನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟು, "ಎಬ್ಬಿಸಿ ನೋಡಾಕ ಹೇಳು" ಎಂದರು. ಉತ್ತರ ಕೇಳಲು ಮರುದಿನ ಹೊರಟಾಗ ನಮ್ಮವರು ಕೋಲು ಹಿಡಿದು ನಾನೂ ಬರುತ್ತೇನೆಂದರು, ಅತ್ತೆಯೂ ಬಂದರು, ನಿದ್ದೆಗೆಟ್ಟಿದ್ದ ಓಣಿಯವರೂ ನ್ಯಾಯ ಕೇಳುವವರ ಹಾಗೆ ಹಿಂದೆ ಬಂದರು.

ಶಕೀಲಾ ಹೊಸ ತಟ್ಟೆಯನ್ನು ಕಿಟಕಿಯಲ್ಲಿ ಇಟ್ಟಳು. ಸದ್ದಿಲ್ಲ. ಜನ ಸದ್ದಿಲ್ಲವೆಂದು ತಿರುಗಿ ಹೊರಟರು.

"ನಿಲ್ರಿ" ಎಂದಳು ಅವಳು. "ಈ ಸಲ ನೋಡ್ರಿ. ಬರೇ ಕೇಳಬ್ಯಾಡ್ರಿ, ನೋಡ್ರಿ."

ನಾವು ನೋಡಿದೆವು. ಅಂಚಿನಿಂದ ಅಂಚಿಗೆ ತಟ್ಟೆ ತಿಳಿಯಾಗಿತ್ತು, ಅಡಿಯಲ್ಲಿ ಇಟ್ಟ ಅವಳ ಅಂಗೈಯ ಗೆರೆಗಳು ಕಾಣುವಷ್ಟು. ಶಕೀಲಾ ಹೇಳಬೇಕಾದ ಮಾತಿಗಾಗಿ ಒಂದು ಗಳಿಗೆ ತಡಕಾಡಿದಳು. ಮಲಗೇತಿ ಎನ್ನಲಿಲ್ಲ. ಆ ಇನ್ನೊಂದು ಮಾತನ್ನೂ ಎನ್ನಲಿಲ್ಲ.

"ಏಳಂಗಿಲ್ರಿ" ಎಂದಳು.

ಅತ್ತೆ ಕಿಟಕಿಯ ಕಂಬಿ ಹಿಡಿದುಕೊಂಡು ನಿಂತರು. ಓಣಿಯವರು ಆ ಮಾತನ್ನು ಬಾಯಲ್ಲಿ ಹಾಕಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರು, ಏಳಂಗಿಲ್ಲಂತ, ಏಳಂಗಿಲ್ಲಂತ. ನಮ್ಮವರು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಮೂರೇ ಬೆರಳು ಉಳಿದ ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಾ ಮೊದಲಿಂದ ಬಡಕೊಂತ ಬಂದೀನಿ, ದಾಳಿಂಬ್ರಿ ಸಿಪ್ಪಿ ಅಂದ್ರ ದಾಳಿಂಬ್ರಿ ಸಿಪ್ಪಿ. ನಮ್ಮನಿಯಾಗ ನನ್ನ ಮಾತ ಯಾರ ಕೇಳ್ತಾರ?"

ಜನ ಹೌದು ಹೌದು ಎಂದು ತಲೆಯಾಡಿಸಿದರು. ನನಗೆ ಬಂದ ಸಿಟ್ಟಿಗೆ ಮೇರೆಯೇ ಇರಲಿಲ್ಲ. ಆ ಕೋಲನ್ನೇ ಕಸಿದು ಎರಡು ಬಾರಿಸೋಣ ಎಂದು ಮುಂದೆ ಹೋದೆ. ಅಷ್ಟರಲ್ಲಿ ಅವರು ತಿರುಗಿ, ಯಾರ ಕೈಯನ್ನೂ ಹಿಡಿಯದೆ, ಆ ಕಾಲ ಮೇಲೆಯೇ ಭಾರ ಹಾಕಿ ಮೆಟ್ಟಿಲು ಇಳಿಯತೊಡಗಿದರು. ಒಂದು, ಇನ್ನೊಂದು. ಬೈಯಲೆಂದು ತೆರೆದ ಬಾಯಿಂದ ಬೈಗುಳ ಬರಲಿಲ್ಲ. ಊರೆಲ್ಲ ನೋಡುತ್ತಿದ್ದ ಆ ಮೆಟ್ಟಿಲ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ನಾನು ಗಟ್ಟಿಯಾಗಿ ಅತ್ತುಬಿಟ್ಟೆ.